ಮೇಯುವ ಕುದುರೆಗೆ ಬರುವ ಹೊಟ್ಟೆಶೂಲೆಯೂ ಅದನ್ನು ತಡೆಯುವ ಆಹಾರಕ್ರಮವೂ

ವಿಜಯಪುರ ನಗರದ ಟಾಂಗಾಗಳು ಮೊದಲಿನಷ್ಟು ಸಂಖ್ಯೆಯಲ್ಲಿ ಈಗ ಉಳಿದಿಲ್ಲವಾದರೂ, ಗೋಲಗುಂಬಜವನ್ನು ನೋಡಲು ಬರುವ ಪ್ರವಾಸಿಗಳನ್ನು ಕೂರಿಸಿಕೊಂಡು ಓಡಾಡುವ ಕುದುರೆಗಳಿಂದ ಜೀವನ ಸಾಗಿಸುವ ಕುಟುಂಬಗಳು ಇನ್ನೂ ಉಂಟು. ನಗರದ ಪಶ್ಚಿಮಕ್ಕೆ ಅಥಣಿಯ ದಾರಿಯಲ್ಲಿರುವ ತಿಕೋಟಾ, ಜಮಖಂಡಿಯ ದಾರಿಯಲ್ಲಿರುವ ಬಬಲೇಶ್ವರ, ಇವುಗಳ ಸುತ್ತಣ ಹಳ್ಳಿಗಳಲ್ಲಿ ಕುರಿಗಾರರು ಸಾಮಾನು ಹೊರುವುದಕ್ಕೆ ತಟ್ಟುಗಳನ್ನು ಇಟ್ಟುಕೊಳ್ಳುತ್ತಾರೆ. ಮದುವೆಯ ಮೆರವಣಿಗೆಗೆಂದೂ ಜಾತ್ರೆಯ ಗಾಡಿ ಓಟಕ್ಕೆಂದೂ ಕುದುರೆ ಸಾಕುವ ಜಮೀನುದಾರರೂ ಇದ್ದಾರೆ. ಈ ಕುದುರೆಗಳಿಗೆ ಅರಮನೆಯ ಲಾಯದ ಉಪಚಾರವಿಲ್ಲ. ಗಾಯರಾಣ, ಬೀಳುಭೂಮಿ, ಹೊಲದ ಬದು, ಇವೇ ಅವುಗಳ ಮೇವಿನ ನೆಲೆ. ಸಂಜೆ ಮನೆಗೆ ಬಂದಾಗ ಒಂದು ಹಿಡಿ ಕಾಳು, ಒಂದು ಹೊರೆ ಕಣಿಕೆ.

ಹೀಗೆ ಸಾಕಿದ ಕುದುರೆಗಳಿಗೆ ಬರುವ ಬೇನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಅಂಜತಕ್ಕದ್ದು ಹೊಟ್ಟೆಶೂಲೆ. ಸಂಜೆ ಚೆನ್ನಾಗಿದ್ದ ಕುದುರೆ ಬೆಳಗಾಗುವುದರೊಳಗೆ ಸತ್ತು ಬಿದ್ದಿರುವುದುಂಟು. ಅದರೊಡನೆ ಒಂದು ಮನೆಯ ದಿನದ ಸಂಪಾದನೆಯೂ ನಿಂತುಹೋಗುತ್ತದೆ. ಒಮ್ಮೆ ಶೂಲೆ ಬಂದ ಕುದುರೆಗೆ ಅದು ಮತ್ತೆ ಬರುವ ಸಂಭವ ಹೆಚ್ಚೆಂಬುದು ಅನುಭವಸಿದ್ಧವಾದ ಸಂಗತಿ. ಅಂಥ ಕುದುರೆಯನ್ನು ಜನರು ದೃಷ್ಟಿ ತಾಗಿತೆಂದೋ ಗಾಳಿ ಸೋಕಿತೆಂದೋ ಹೇಳಿ ಕೈಬಿಡುವುದುಂಟು. ವಾಸ್ತವದಲ್ಲಿ ಕಾರಣವು ಬಹುಮಟ್ಟಿಗೆ ಮೇವಿನಲ್ಲಿಯೂ, ಮೇವು ಕೊಡುವ ರೀತಿಯಲ್ಲಿಯೂ ಇರುತ್ತದೆ. ಆದಕಾರಣ ಮದ್ದಿಗಿಂತ ಮೊದಲು ಮೇವನ್ನು ತಿದ್ದಿಕೊಳ್ಳುವುದು ಯಜಮಾನನ ಕೆಲಸ. ಅದನ್ನು ಮಾಡುವ ಬಗೆಯನ್ನು ಈ ಪತ್ರಿಕೆಯಲ್ಲಿ ವಿವರಿಸಿದೆ.

1. ಕುದುರೆಯ ಹೊಟ್ಟೆಯ ರಚನೆ

ಎತ್ತನ್ನು ಸಾಕಿ ಬಲ್ಲ ರೈತನು ಕುದುರೆಯನ್ನೂ ಎತ್ತಿನಂತೆಯೇ ಎಣಿಸುವುದರಿಂದ ಮೊದಲ ತಪ್ಪು ಆಗುತ್ತದೆ. ಎತ್ತಿನ ಹೊಟ್ಟೆಗೆ ನಾಲ್ಕು ಭಾಗಗಳಿವೆ. ಅದು ಬೇಗ ಬೇಗ ಮೇದು ಹೊಟ್ಟೆ ತುಂಬಿಸಿಕೊಂಡು, ನೆರಳಿನಲ್ಲಿ ಮಲಗಿ ಮೆಲುಕು ಹಾಕುತ್ತದೆ. ಕುದುರೆಗೆ ಮೆಲುಕು ಇಲ್ಲ. ಅದರ ಜಠರವು ಶರೀರದ ಗಾತ್ರಕ್ಕೆ ಹೋಲಿಸಿದರೆ ಬಲು ಚಿಕ್ಕದು. ದೊಡ್ಡ ಜಾತಿಯ ಕುದುರೆಯಲ್ಲಿಯೂ ಅದು 8ರಿಂದ 15 ಲೀಟರುಗಳಷ್ಟನ್ನು ಮಾತ್ರ ಹಿಡಿಯುತ್ತದೆ. ನಮ್ಮ ಕಡೆಯ ತಟ್ಟುಗಳಲ್ಲಿ ಇನ್ನೂ ಕಡಮೆ. ಅಲ್ಲದೆ ಕುದುರೆಯು ವಾಂತಿಮಾಡಲಾರದು. ಆದಕಾರಣ ಜಠರದಲ್ಲಿ ಕಾಳು ಉಬ್ಬಿಕೊಂಡರೂ ವಾಯು ತುಂಬಿಕೊಂಡರೂ ಹೊರಗೆ ಬರುವ ದಾರಿಯಿಲ್ಲದೆ ಅದು ಬಿಗಿಯುತ್ತದೆ. ಅತಿಯಾದರೆ ಜಠರ ಒಡೆದುಹೋಗುವುದೂ ಉಂಟು.

ಹುಲ್ಲು ಕಣಿಕೆಗಳಲ್ಲಿರುವ ನಾರು ಜೀರ್ಣವಾಗುವುದು ಜಠರದಲ್ಲಲ್ಲ. ಹಿಂಭಾಗದಲ್ಲಿರುವ ಕುರುಡುಕರುಳು ಮತ್ತು ದೊಡ್ಡಕರುಳುಗಳಲ್ಲಿ. ಅಲ್ಲಿ ನೆಲಸಿರುವ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ನಾರನ್ನು ಕೊಳೆಯಿಸಿ, ಕುದುರೆಗೆ ಬಲವಾಗುವ ಪದಾರ್ಥಗಳನ್ನಾಗಿ ಮಾಡುತ್ತವೆ. ದೊಡ್ಡಕರುಳು ಮಡಿಕೆಮಡಿಕೆಯಾಗಿ ಮಡಚಿಕೊಂಡಿದ್ದು, ಒಂದು ತಿರುವಿನಲ್ಲಿ ಥಟ್ಟನೆ ಕಿರಿದಾಗುತ್ತದೆ. ನೀರು ಸಾಲದೆ ಒಣಗಿದ ಮೇವು ಗಟ್ಟಿಯಾಗಿ ನಿಂತುಬಿಡುವುದು ಸಾಮಾನ್ಯವಾಗಿ ಈ ತಿರುವಿನಲ್ಲಿಯೇ.

ಸೂಕ್ಷ್ಮಜೀವಿಗಳು ದಿನವೂ ಸಿಗುವ ಮೇವಿಗೆ ಒಗ್ಗಿಕೊಂಡಿರುತ್ತವೆ. ಇಂದು ಒಣ ಕಣಿಕೆ, ನಾಳೆ ಹೊಟ್ಟೆ ತುಂಬ ಎಳೆಹುಲ್ಲು, ಮರುದಿನ ಒಂದು ಬುಟ್ಟಿ ಜೋಳ, ಹೀಗೆ ಕೊಟ್ಟರೆ ಕೆಲವು ಬಗೆಯವು ಸಾಯುತ್ತವೆ. ಬೇರೆ ಬಗೆಯವು ಮಿತಿಮೀರಿ ಬೆಳೆಯುತ್ತವೆ. ಆಗ ಹುಳಿಯೂ ವಾಯುವೂ ಉತ್ಪತ್ತಿಯಾಗಿ ಕರುಳು ಉಬ್ಬಿ ನೋಯುತ್ತದೆ. ಕಾಳು ಅತಿಯಾದಲ್ಲಿ ಇದೇ ವಿಷವು ರಕ್ತಕ್ಕೆ ಸೇರಿ ಗೊರಸುಗಳ ಒಳಗೆ ಬಾವು ಬಂದು, ಬದುಕಿದ ಕುದುರೆಯೂ ಕುಂಟಾಗುತ್ತದೆ.

ಕುದುರೆಯನ್ನು ಸ್ವತಂತ್ರವಾಗಿ ಬಿಟ್ಟರೆ ಅದು ದಿನದ 24 ಗಂಟೆಗಳಲ್ಲಿ 14ರಿಂದ 16 ಗಂಟೆಗಳವರೆಗೆ ಸ್ವಲ್ಪ ಸ್ವಲ್ಪವಾಗಿ ಮೇಯುತ್ತಲೇ ಇರುತ್ತದೆ. ಅದರ ಜಠರದಲ್ಲಿ ಹುಳಿರಸವು ಸದಾ ಸುರಿಯುತ್ತಿರುವುದರಿಂದ, ಬಹಳ ಹೊತ್ತು ಬರಿ ಹೊಟ್ಟೆಯಲ್ಲಿ ಕಟ್ಟಿಹಾಕಿದರೆ ಒಳಗೆ ಹುಣ್ಣು ಬೀಳುತ್ತದೆ. ಈ ಹುಣ್ಣೂ ಶೂಲೆಗೆ ಒಂದು ಕಾರಣ. ಮೇಲೆ ಹೇಳಿದ್ದರಿಂದ ಮೂರು ನಿಯಮಗಳು ಹೊರಡುತ್ತವೆ: ನಾರಿನ ಮೇವೇ ಮುಖ್ಯವಾಗಿರಬೇಕು, ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಬೇಕು, ಯಾವ ಬದಲಾವಣೆಯನ್ನಾದರೂ ನಿಧಾನವಾಗಿ ಮಾಡಬೇಕು. ಮುಂದೆ ಬರುವುದೆಲ್ಲವೂ ಈ ಮೂರರ ವಿಸ್ತಾರವೇ.

2. ಈ ಸೀಮೆಯಲ್ಲಿ ಶೂಲೆ ಬರುವ ಕಾಲಗಳು

ವಿಜಯಪುರ ಸೀಮೆ ಮಳೆ ಕಡಮೆಯ ನಾಡು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ಅದೂ ನಂಬಿಕೆಯಿಲ್ಲದ್ದು. ಆದುದರಿಂದ ಮೇಯುವ ಕುದುರೆಗೆ ವರ್ಷದಲ್ಲಿ ಹಲವು ಸಲ ಮೇವು ಬದಲಾಗುತ್ತದೆ. ಪ್ರತಿಯೊಂದು ಬದಲಾವಣೆಯೂ ಒಂದು ಅಪಾಯದ ಕಾಲ.

ಮುಂಗಾರು ಬಿದ್ದ ಮೇಲೆ, ಜೂನ್ ಜುಲೈ ತಿಂಗಳುಗಳಲ್ಲಿ, ಬೇಸಗೆಯೆಲ್ಲ ಒಣ ಕಣಿಕೆ ತಿಂದ ಕುದುರೆಯನ್ನು ಚಿಗುರಿನ ಮೇಲೆ ಬಿಡುತ್ತಾರೆ. ಎಳೆಹುಲ್ಲಿನಲ್ಲಿ ನೀರು ಹೆಚ್ಚು, ನಾರು ಕಡಮೆ. ಒಂದೇ ದಿನದಲ್ಲಿ ಹೊಟ್ಟೆ ತುಂಬ ಮೇದರೆ ವಾಯುಶೂಲೆ ಬರುತ್ತದೆ. ಹುಲ್ಲು ಗಿಡ್ಡವಾಗಿರುವುದರಿಂದ ಬೇರುಸಹಿತ ಕಿತ್ತು ಬಂದು ಮಣ್ಣೂ ಹೊಟ್ಟೆ ಸೇರುತ್ತದೆ.

ಹಿಂಗಾರು ಜೋಳವು ಈ ಕಡೆಯ ಮುಖ್ಯ ಬೆಳೆ. ಎಳೆಯ ಜೋಳದ ಪೈರು, ಮಳೆಯಿಲ್ಲದೆ ಬಾಡಿ ಕುಗ್ಗಿದ ಪೈರು, ಕೊಯ್ದ ಮೇಲೆ ಬುಡದಿಂದ ಚಿಗುರಿದ ಕೂಳೆ, ಇವುಗಳಲ್ಲಿ ಒಂದು ಬಗೆಯ ತೀಕ್ಷ್ಣ ವಿಷವಿರುತ್ತದೆ. ದನಗಳಿಗೆ ಇದರಿಂದ ಸಾವು ಬರುವುದನ್ನು ರೈತರೆಲ್ಲರೂ ಬಲ್ಲರು. ಕುದುರೆಯು ಹಸಿ ಜೋಳದ ಮೇವನ್ನು ಬಹುದಿನ ತಿಂದರೆ ಅದರ ಮೂತ್ರಕೋಶ ಕೆಟ್ಟು, ಹಿಂಗಾಲುಗಳು ಬಲಗುಂದಿ ತೂರಾಡುತ್ತವೆ. ಈ ದೋಷವು ಹಿಂದಕ್ಕೆ ಬಾರದು. ಆದಕಾರಣ ಕುದುರೆಗೆ ಹಸಿ ಜೋಳ ಕೂಡದು. ಮಾಗಿ ಚೆನ್ನಾಗಿ ಒಣಗಿದ ಕಣಿಕೆಯೇ ಯೋಗ್ಯ.

ಜನವರಿ ಫೆಬ್ರುವರಿಯ ಸುಗ್ಗಿಯಲ್ಲಿ ಕಣದ ಹತ್ತಿರ ಬಿಚ್ಚಿಬಿಟ್ಟ ಕುದುರೆ ರಾಶಿಗೆ ಬಾಯಿ ಹಾಕುವುದು ಇನ್ನೊಂದು ಅಪಾಯ. ಅದೇ ಕಾಲದಲ್ಲಿ ಸಂಕ್ರಮಣಕ್ಕೆ ವಿಜಯಪುರದಲ್ಲಿ ಸಿದ್ಧೇಶ್ವರನ ಜಾತ್ರೆ. ಜಾತ್ರೆಗೆ ಹೋದ ಕುದುರೆಗೆ ಮೇವೂ ಬೇರೆ, ನೀರೂ ಬೇರೆ, ಹೊತ್ತೂ ಬೇರೆ. ಚಳಿಯಲ್ಲಿ ಅದು ನೀರು ಕಡಮೆ ಕುಡಿಯುತ್ತದೆ. ದಪ್ಪ ದಂಟಿನ ಹೊಸ ಕಣಿಕೆ ಕರುಳಿನಲ್ಲಿ ಗಟ್ಟಿಯಾಗುತ್ತದೆ.

ಮಾರ್ಚಿಯಿಂದ ಮೇವರೆಗೆ ಗಾಯರಾಣ ಬೋಳಾಗಿರುತ್ತದೆ. ಹಸಿದ ಕುದುರೆ ಮಣ್ಣನ್ನು ನೆಕ್ಕುತ್ತದೆ. ಬಳ್ಳಾರಿ ಜಾಲಿಯ ಸಿಹಿಕಾಯಿಗಳನ್ನು ಆರಿಸಿ ತಿನ್ನುತ್ತದೆ. ಈ ಕಾಯಿ ಹೆಚ್ಚಾಗಿ ಹೋದರೆ ಉಂಡೆಗಟ್ಟಿ ಕರುಳನ್ನು ಕಟ್ಟುತ್ತದೆ.

ಏತ ನೀರಾವರಿಯೂ ಕೊಳವೆಬಾವಿಗಳೂ ಬಂದ ಮೇಲೆ ಬಬಲೇಶ್ವರದ ಕಡೆ ಕಬ್ಬು, ತಿಕೋಟಾದ ಕಡೆ ದ್ರಾಕ್ಷಿ ಹೆಚ್ಚಿವೆ. ಕಬ್ಬಿನ ವಾಡೆ, ದನಗಳಿಗೆಂದು ಬೆಳೆದ ನೇಪಿಯರ್ ಹುಲ್ಲು, ತೋಟದ ಕಸ, ಇವು ಸುಲಭವಾಗಿ ಸಿಗುವುದರಿಂದ ಅವನ್ನೇ ಕುದುರೆಗೆ ಸುರಿಯುವ ರೂಢಿ ಬೆಳೆಯುತ್ತಿದೆ. ಇದರ ದೋಷಗಳನ್ನು ಮುಂದೆ ಹೇಳಿದೆ.

3. ಮೊದಲು ಕುದುರೆಯ ತೂಕ ತಿಳಿಯತಕ್ಕದ್ದು

ಮೇವಿನ ಪ್ರಮಾಣವು ಕುದುರೆಯ ತೂಕವನ್ನು ಅವಲಂಬಿಸಿದೆ. ತಕ್ಕಡಿ ಇಲ್ಲದಿದ್ದರೂ ದರ್ಜಿಯ ಟೇಪಿನಿಂದ ತೂಕವನ್ನು ಅಂದಾಜು ಮಾಡಬಹುದು. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ಮುಂದಿನ ತುದಿಯಿಂದ ಪೃಷ್ಠದ ಹಿಂದಿನ ತುದಿಯವರೆಗೆ ಉದ್ದವನ್ನೂ ಸೆಂಟಿಮೀಟರುಗಳಲ್ಲಿ ಅಳೆಯಬೇಕು. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋಗಳಲ್ಲಿ ತೂಕ ಸಿಗುತ್ತದೆ. ಸುತ್ತಳತೆ 148, ಉದ್ದ 136 ಇದ್ದರೆ ತೂಕ ಸುಮಾರು 250 ಕಿಲೋ. ಮುಂದಿನ ಲೆಕ್ಕಗಳೆಲ್ಲ 250 ಕಿಲೋ ತೂಗುವ ಕುದುರೆಗೆ ಸಂಬಂಧಿಸಿದವು. ಹೆಚ್ಚು ಕಡಮೆ ತೂಗುವ ಕುದುರೆಗೆ ಅದೇ ಪ್ರಮಾಣದಲ್ಲಿ ಹೆಚ್ಚಿಸಿ ಇಳಿಸಿಕೊಳ್ಳಬೇಕು.

4. ದಿನದ ಮೇವಿನ ಪ್ರಮಾಣ

ನೀರಿನ ಅಂಶವನ್ನು ಬಿಟ್ಟು ಲೆಕ್ಕ ಹಾಕಿದರೆ, ಕುದುರೆಗೆ ದಿನಕ್ಕೆ ಅದರ ತೂಕದ ನೂರಕ್ಕೆ 2 ಪಾಲಿನಷ್ಟು ಮೇವು ಬೇಕು. ಅಂದರೆ 5 ಕಿಲೋ. ಹಸಿ ಹುಲ್ಲಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ ಇರುವುದರಿಂದ, ಬರಿ ಹಸಿ ಹುಲ್ಲಿನಿಂದ ಇದು ಪೂರೈಸಬೇಕಾದರೆ 20ರಿಂದ 25 ಕಿಲೋ ಮೇಯಬೇಕಾಗುತ್ತದೆ. ಯಾವ ಕಾರಣದಿಂದಲೂ ನಾರಿನ ಮೇವು ನೂರಕ್ಕೆ ಒಂದೂವರೆ ಪಾಲಿಗಿಂತ, ಅಂದರೆ ಪೌಣೆನಾಲ್ಕು ಕಿಲೋಗಿಂತ, ಕೆಳಗೆ ಇಳಿಯಕೂಡದು. ಕಾಳಿನಿಂದ ಇದನ್ನು ಸರಿದೂಗಿಸಲಾಗದು.

ಮಳೆಗಾಲದ ಕೊನೆಯಲ್ಲಿ ಗಾಯರಾಣದಲ್ಲಿ ಒಳ್ಳೆಯ ಹುಲ್ಲಿದ್ದು ಕುದುರೆಗೆ ಕೆಲಸವಿಲ್ಲದಿದ್ದರೆ: ಬೆಳಿಗ್ಗೆ ಬಿಡುವ ಮುಂಚೆ 1 ಕಿಲೋ ಒಣಮೇವು, ಹಗಲೆಲ್ಲ ಮೇಯುವುದು, ರಾತ್ರಿಗೆ ಒಂದೂವರೆಯಿಂದ 2 ಕಿಲೋ ಒಣಮೇವು, 15 ಗ್ರಾಂ ಉಪ್ಪು. ಕಾಳು ಅವಶ್ಯವಿಲ್ಲ.

ಹುಲ್ಲಿಲ್ಲದ ಕಾಲದಲ್ಲಿ ಹಗುರ ಕೆಲಸವಿದ್ದರೆ: ಸಣ್ಣಗೆ ಕತ್ತರಿಸಿದ ಕಣಿಕೆ ಮೂರೂವರೆ ಕಿಲೋ, ಶೇಂಗಾ ಹೊಟ್ಟು ಒಂದೂವರೆ ಕಿಲೋ, ಇವೆರಡನ್ನೂ ಬೆರೆಸಿ ನಾಲ್ಕು ಪಾಲು ಮಾಡಿ ಕೊಡಬೇಕು. ನೆನೆಯಿಸಿ ಬೇಯಿಸಿದ ಹುರುಳಿ ಎರಡು ಹೊತ್ತಿಗೆ ಕಾಲು ಕಿಲೋದಂತೆ ಅರ್ಧ ಕಿಲೋ. ಉಪ್ಪು 20 ಗ್ರಾಂ. ಕಾಳುಗಳ ತೂಕವನ್ನು ಇಲ್ಲಿಯೂ ಮುಂದೆಯೂ ಒಣಗಿದ ಸ್ಥಿತಿಯಲ್ಲಿ ಹೇಳಿದೆ.

ದಿನವೂ ದುಡಿಯುವ ಟಾಂಗಾ ಕುದುರೆಗೆ: ಕಣಿಕೆ ಅಥವಾ ಒಣಹುಲ್ಲು ಮೂರೂವರೆ ಕಿಲೋ, ಶೇಂಗಾ ಹೊಟ್ಟು ಅಥವಾ ಒಣಗಿಸಿದ ಕುದುರೆಮಸಾಲೆ ಒಂದೂವರೆ ಕಿಲೋ, ಕಾಳು 1 ಕಿಲೋ 200 ಗ್ರಾಂ, ಉಪ್ಪು 30 ಗ್ರಾಂ. ಕಾಳನ್ನು 400 ಗ್ರಾಮಿನಂತೆ ಮೂರು ಹೊತ್ತಿಗೆ ಹಂಚಬೇಕು.

ಕಾಳಿನ ವಿಷಯದಲ್ಲಿ ಮೂರು ಎಚ್ಚರಿಕೆಗಳು ಅವಶ್ಯ. ಮೊದಲನೆಯದು, ಶೂಲೆ ಬರುವ ಕುದುರೆಗೆ ಒಂದು ಹೊತ್ತಿಗೆ 400 ಗ್ರಾಮಿಗಿಂತ ಹೆಚ್ಚು ಕೊಡಕೂಡದು. ಜೋಳದಲ್ಲಿ ಹಿಟ್ಟಿನ ಅಂಶವೇ ಹೆಚ್ಚಾದ್ದರಿಂದ ಅದು ಇನ್ನೂ ಕಡಮೆಯಿರಬೇಕು; ಇಡೀ ಕಾಳಿಗಿಂತ ನುಚ್ಚು ಮಾಡಿ ನೆನೆಯಿಸಿದ್ದು ಲೇಸು. ಎರಡನೆಯದು, ಹುರುಳಿ ಕಡಲೆಗಳನ್ನು ಒಣಗಿದ್ದಂತೆಯೇ ಕೊಟ್ಟರೆ ಜಠರದಲ್ಲಿ ಉಬ್ಬುತ್ತವೆ, ನೆನೆಯಿಸಿಯೇ ಕೊಡತಕ್ಕದ್ದು. ಬೇಸಗೆಯಲ್ಲಿ ನೆನೆಯಿಟ್ಟ ಕಾಳು ಹುಳಿವಾಸನೆ ಬಂದಿದ್ದರೆ ಚೆಲ್ಲಬೇಕು. ಮೂರನೆಯದು, ಹಸಿದ ಹೊಟ್ಟೆಗೆ ಕಾಳು ಮೊದಲು ಹೋಗಬಾರದು. ಮೊದಲು ಕಣಿಕೆ ಮೇಯಿಸಿ, ಬಳಿಕ ತೋಬರಾ ಕಟ್ಟಬೇಕು.

ಹೆಚ್ಚು ದುಡಿಮೆಯ ದಿನಗಳಲ್ಲಿ ಕಾಳನ್ನು ಹೆಚ್ಚಿಸುವ ಬದಲು ಸ್ವಲ್ಪ ಎಣ್ಣೆ ಕೂಡಿಸುವುದು ಕ್ಷೇಮ. ಈ ಸೀಮೆಯಲ್ಲಿ ಸಿಗುವ ಕುಸುಬೆ ಎಣ್ಣೆ ಅಥವಾ ಶೇಂಗಾ ಎಣ್ಣೆಯನ್ನು ಮೇವಿನ ಮೇಲೆ ಚಿಮುಕಿಸಿ ಕೊಡಬಹುದು. ಮೊದಲು 20 ಮಿಲಿಲೀಟರಿನಿಂದ ಆರಂಭಿಸಿ ಎರಡು ವಾರಗಳಲ್ಲಿ 50ರಿಂದ 100 ಮಿಲಿಲೀಟರಿಗೆ ಏರಿಸಬೇಕು. ಎಣ್ಣೆಯು ಬಲ ಕೊಡುತ್ತದೆ. ಕಾಳಿನಂತೆ ಕರುಳಿನಲ್ಲಿ ಹುಳಿಯುವುದಿಲ್ಲ. ಕಮಟು ವಾಸನೆಯ ಎಣ್ಣೆ ಕೂಡದು.

5. ಸುಣ್ಣದ ಅಂಶವೂ ಬೂಸಾದ ದೋಷವೂ

ಸಮತೂಕದ ಆಹಾರವೆಂದರೆ ಹೊಟ್ಟೆ ತುಂಬುವುದು ಮಾತ್ರವಲ್ಲ. ಎಲುಬಿಗೆ ಬೇಕಾದ ಸುಣ್ಣದ ಅಂಶವೂ ರಂಜಕದ ಅಂಶವೂ ತಕ್ಕ ಪ್ರಮಾಣದಲ್ಲಿರಬೇಕು. ಸುಣ್ಣವು ರಂಜಕದ ಒಂದೂವರೆಯಿಂದ ಎರಡರಷ್ಟು ಇರುವುದು ಉತ್ತಮ. 250 ಕಿಲೋ ಕುದುರೆಗೆ ದಿನಕ್ಕೆ ಸುಮಾರು 10 ಗ್ರಾಂ ಸುಣ್ಣದ ಅಂಶವೂ 7 ಗ್ರಾಂ ರಂಜಕವೂ ಬೇಕು.

ಗೋಧಿ ಬೂಸಾದಲ್ಲಿ ಈ ಪ್ರಮಾಣವು ತಿರುಗುಮುರುಗು. ಒಂದು ಕಿಲೋ ಬೂಸಾದಲ್ಲಿ ಸುಣ್ಣ ಸುಮಾರು ಒಂದೂಕಾಲು ಗ್ರಾಂ. ರಂಜಕ ಸುಮಾರು 11 ಗ್ರಾಂ. ಜೋಳ ಮೊದಲಾದ ಕಾಳುಗಳಲ್ಲಿಯೂ ರಂಜಕವೇ ಹೆಚ್ಚು. ಬೂಸಾ ಮತ್ತು ಕಾಳುಗಳ ಮೇಲೆಯೇ ಬೆಳೆದ ಕುದುರೆಯು ತನ್ನ ಎಲುಬಿನ ಸುಣ್ಣವನ್ನು ಕಳೆದುಕೊಳ್ಳುತ್ತದೆ. ಮೊಗದ ಎಲುಬು ಉಬ್ಬುತ್ತದೆ, ನಡೆ ಬಿರುಸಾಗುತ್ತದೆ. ನೇಪಿಯರ್ ಮತ್ತು ಅಂಜನ ಹುಲ್ಲುಗಳಲ್ಲಿ ಸುಣ್ಣವನ್ನು ಬಂಧಿಸಿ ದೇಹಕ್ಕೆ ಸಿಗದಂತೆ ಮಾಡುವ ಅಂಶವಿರುವುದರಿಂದ, ಅವನ್ನೇ ತಿನ್ನುವ ಕುದುರೆಗೂ ಇದೇ ಗತಿ. ದನಗಳಿಗೆ ಈ ತೊಂದರೆ ಅಷ್ಟಿಲ್ಲ. ಇಂಥ ಹುಲ್ಲುಗಳನ್ನು ಇತರ ಮೇವಿನೊಡನೆ ಬೆರೆಸಿ, ಅರ್ಧಕ್ಕಿಂತ ಕಡಮೆ ಪಾಲು ಕೊಡಬಹುದು.

ಇದಕ್ಕೆ ಪರಿಹಾರ ಮನೆಯಲ್ಲಿಯೇ ಇದೆ. ಶೇಂಗಾ ಹೊಟ್ಟಿನಲ್ಲಿಯೂ ಕುದುರೆಮಸಾಲೆಯಲ್ಲಿಯೂ ಕಿಲೋಗೆ ಸುಮಾರು 10 ಗ್ರಾಂ ಅಥವಾ ಅದಕ್ಕೂ ಮೇಲ್ಪಟ್ಟು ಸುಣ್ಣದ ಅಂಶವಿದೆ. ಅವೆರಡೂ ಸಿಗದಿದ್ದಲ್ಲಿ ಪಶುಗಳ ಉಪಯೋಗಕ್ಕೆಂದು ಮಾರುವ ಸುಣ್ಣಕಲ್ಲಿನ ನಯವಾದ ಪುಡಿಯನ್ನು ದಿನಕ್ಕೆ 20 ಗ್ರಾಂ ಬೆರೆಸಬಹುದು. ಗೋಡೆಗೆ ಬಳಿಯುವ ಸುಟ್ಟ ಸುಣ್ಣವನ್ನಾಗಲಿ ಎಲೆಗೆ ಹಚ್ಚುವ ಸುಣ್ಣವನ್ನಾಗಲಿ ಕೊಡಕೂಡದು. ಅದು ಬಾಯಿ ಹೊಟ್ಟೆಗಳನ್ನು ಸುಡುತ್ತದೆ.

ವಾರಕ್ಕೊಮ್ಮೆ ಬೂಸಾದ ಗಂಜಿ ಕುಡಿಸಿದರೆ ಹೊಟ್ಟೆ ಶುದ್ಧವಾಗಿ ಶೂಲೆ ಬರುವುದಿಲ್ಲವೆಂಬ ನಂಬಿಕೆ ಬಹಳ ಕಡೆ ಇದೆ. ಇದು ಸರಿಯಲ್ಲ. ಆರು ದಿನ ಇಲ್ಲದ ಪದಾರ್ಥವನ್ನು ಏಳನೆಯ ದಿನ ಒಮ್ಮೆಗೇ ಕೊಡುವುದೇ ಒಂದು ಬದಲಾವಣೆಯಾಗಿ, ತಡೆಯಬೇಕೆಂದ ಶೂಲೆಯನ್ನೇ ತಂದೀತು.

6. ನೀರು ಮತ್ತು ಉಪ್ಪು

ಒಣಮೇವು ತಿನ್ನುವ ಕುದುರೆಗೆ ತಂಪುಕಾಲದಲ್ಲಿ ದಿನಕ್ಕೆ 12ರಿಂದ 15 ಲೀಟರ್ ನೀರು ಬೇಕು. ಬೇಸಗೆಯಲ್ಲಿಯೂ ದುಡಿಮೆಯಲ್ಲಿಯೂ ಇದರ ಎರಡರಷ್ಟು. ನೀರು ಸದಾ ಎದುರಿಗಿರುವುದು ಅತ್ಯುತ್ತಮ. ಅದು ಸಾಧ್ಯವಿಲ್ಲದಿದ್ದರೆ ದಿನಕ್ಕೆ ನಾಲ್ಕು ಸಲವಾದರೂ ತೋರಿಸಬೇಕು. ಕೆಲಸದಿಂದ ಬೆವರಿ ಬಂದ ಕುದುರೆಗೆ ನೀರು ಕೊಡಲೇಬಾರದೆಂದು ಗಂಟೆಗಟ್ಟಲೆ ಕಟ್ಟಿಹಾಕುವುದು ತಪ್ಪು. ನೆರಳಿನಲ್ಲಿ ನಿಲ್ಲಿಸಿ, ಕೆಲವು ಗುಟುಕುಗಳಂತೆ ಬಿಟ್ಟುಬಿಟ್ಟು ಕುಡಿಸಿ, ದಣಿವಾರಿದ ಮೇಲೆ ಸಾಕೆನಿಸುವಷ್ಟು ಕೊಡಬೇಕು.

ಡೋಣಿ ಹೊಳೆಯ ಸುತ್ತ ಹಲವು ಕಡೆ ನೀರು ಸವುಳು. ಸವುಳು ನೀರನ್ನು ಕುದುರೆ ಮನಸ್ಸಿಟ್ಟು ಕುಡಿಯುವುದಿಲ್ಲ. ಕಡಮೆ ಕುಡಿದರೆ ಮೇವು ಕರುಳಿನಲ್ಲಿ ಗಟ್ಟಿಯಾಗುತ್ತದೆ. ಅಂಥ ಊರುಗಳಲ್ಲಿ ಸಿಹಿನೀರನ್ನು ಬೇರೆಯಾಗಿ ಒದಗಿಸಬೇಕು. ದೂರದ ಜಾತ್ರೆಗೆ ಹೋಗುವಾಗ ಮೊದಲ ದಿನದ ಮಟ್ಟಿಗಾದರೂ ಮನೆಯ ನೀರನ್ನು ಜೊತೆಗೆ ಒಯ್ಯುವುದು ಜಾಣತನ. ಚಳಿಗಾಲದ ಬೆಳಿಗ್ಗೆ ನೀರನ್ನು ಉಗುರುಬೆಚ್ಚಗೆ ಮಾಡಿ ಕೊಟ್ಟರೆ ಹೆಚ್ಚು ಕುಡಿಯುತ್ತದೆ.

ಉಪ್ಪು ಇಲ್ಲದ ಕುದುರೆ ಮಣ್ಣು ನೆಕ್ಕುತ್ತದೆ. ಬಾಯಾರಿಕೆಯೂ ಅದಕ್ಕೆ ಕಡಮೆ. ಮೇಲೆ ಹೇಳಿದ ಪ್ರಮಾಣದ ಅಡಿಗೆಯ ಉಪ್ಪನ್ನು ಕಾಳಿನಲ್ಲಿ ಅಥವಾ ಒದ್ದೆ ಮಾಡಿದ ಮೇವಿನಲ್ಲಿ ದಿನವೂ ಬೆರೆಸಬೇಕು. ಉಪ್ಪು ಕೊಟ್ಟಲ್ಲಿ ನೀರು ಅವಶ್ಯವಾಗಿ ಎದುರಿಗಿರಬೇಕು.

7. ಮೇವು ಬದಲಿಸುವ ಕ್ರಮ

ಯಾವ ಹೊಸ ಮೇವನ್ನಾದರೂ 10ರಿಂದ 14 ದಿನಗಳಲ್ಲಿ ಕೂಡಿಸತಕ್ಕದ್ದು. ಮೊದಲ ಮೂರು ದಿನ ಹೊಸದು ಕಾಲುಪಾಲು, ಹಳೆಯದು ಮುಕ್ಕಾಲು; ಮುಂದಿನ ನಾಲ್ಕು ದಿನ ಅರ್ಧರ್ಧ; ಬಳಿಕ ನಾಲ್ಕು ದಿನ ಹೊಸದು ಮುಕ್ಕಾಲು; ಅನಂತರ ಪೂರ್ಣ. ಒಂದು ಬಣವೆ ಮುಗಿದು ಇನ್ನೊಂದನ್ನು ಬಿಚ್ಚುವಾಗಲೂ ಈ ಕ್ರಮ ಅನ್ವಯಿಸುತ್ತದೆ. ಒಣಮೇವಿನ ಬದಲಾವಣೆಯಾದ ಎರಡು ವಾರಗಳಲ್ಲಿ ಶೂಲೆ ಹೆಚ್ಚಾಗುವುದೆಂದು 1990ರ ದಶಕದಲ್ಲಿ ಅಮೆರಿಕದಲ್ಲಿ ನಡೆದ ಪರಿಶೋಧನೆಗಳಿಂದ ಸ್ಪಷ್ಟವಾಗಿದೆ. ಆದಕಾರಣ ಹಳೆಯ ಬಣವೆ ಪೂರ್ತಿ ತೀರುವ ಮೊದಲೇ ಹತ್ತು ದಿನಗಳಿಗಾಗುವಷ್ಟನ್ನು ತೆಗೆದಿಡಬೇಕು.

ಮುಂಗಾರಿನ ಹಸಿ ಹುಲ್ಲಿಗೆ ಬಿಡುವಾಗ ಮೊದಲ ದಿನ ಅರ್ಧ ಗಂಟೆ, ಮರುದಿನ ಒಂದು ಗಂಟೆ, ಹೀಗೆ ದಿನಕ್ಕೆ ಅರ್ಧ ಗಂಟೆಯಂತೆ ಏರಿಸಬೇಕು. ಹೊರಡುವ ಮುಂಚೆ ಒಣಮೇವು ತಿನ್ನಿಸಿರಬೇಕು. ಹುಲ್ಲು ನಾಲ್ಕು ಬೆರಳಿಗಿಂತ ಗಿಡ್ಡವಾಗಿರುವಾಗ ಬಿಡುವುದು ಕುದುರೆಗೂ ಹುಲ್ಲಿಗೂ ಹಾನಿ.

ಕೆಲಸವಿಲ್ಲದ ದಿನ ಕಾಳನ್ನು ಅರ್ಧಕ್ಕೆ ಇಳಿಸಿ, ಕುದುರೆಯನ್ನು ಕಟ್ಟಿಹಾಕದೆ ನಡೆದಾಡಲು ಬಿಡಬೇಕು. ದಿನವೂ ದುಡಿದ ಕುದುರೆಯನ್ನು ಥಟ್ಟನೆ ಕಟ್ಟಿನಿಲ್ಲಿಸಿದಾಗ ಕರುಳಿನ ಚಲನೆ ಮಂದವಾಗಿ ಲದ್ದಿ ಗಟ್ಟಿಯಾಗುತ್ತದೆ.

8. ಕೊಡಬಾರದ ವಸ್ತುಗಳು

ಮದುವೆ ಮನೆಯ ಉಳಿದ ಅನ್ನ, ರೊಟ್ಟಿ, ಸಿಹಿಪದಾರ್ಥಗಳನ್ನು ಪ್ರೀತಿಯಿಂದ ಕುದುರೆಯ ಮುಂದೆ ಸುರಿಯುವುದು ಮೆರವಣಿಗೆಯ ಕುದುರೆಗಳ ಸಾವಿಗೆ ದಾರಿ. ಬೂಷ್ಟು ಹಿಡಿದ ಕಣಿಕೆ ಮತ್ತು ಹೊಟ್ಟು, ಬಿಸಿಲಿನಲ್ಲಿ ರಾಶಿಹಾಕಿ ಕಾವೇರಿದ ಹಸಿ ಹುಲ್ಲು, ಇವೂ ಕೂಡವು. ದ್ರಾಕ್ಷಿ ತೋಟದಲ್ಲಿ ಕತ್ತರಿಸಿ ಹಾಕಿದ ಬಳ್ಳಿ ಎಲೆಗಳ ಮೇಲೆ ಸಿಂಪಡಿಸಿದ ಔಷಧಗಳ ಅಂಶ ಉಳಿದಿರುವುದರಿಂದ ಅವನ್ನು ಮೇವಾಗಿ ಉಪಯೋಗಿಸಲಾಗದು.

ದನಗಳಿಗೂ ಕೋಳಿಗಳಿಗೂ ಅಂಗಡಿಯಲ್ಲಿ ಮಾರುವ ಚೀಲದ ಆಹಾರವನ್ನು ಕುದುರೆಗೆ ಕೊಡುವುದು ಅತ್ಯಂತ ಅಪಾಯಕರ. ಅವುಗಳಲ್ಲಿ ಕೆಲವಕ್ಕೆ ಮೊನೆನ್ಸಿನ್ ಎಂಬ ಔಷಧವನ್ನು ಬೆರೆಸಿರುತ್ತಾರೆ. ದನ ಕೋಳಿಗಳಿಗೆ ಅನುಕೂಲವಾದ ಈ ವಸ್ತುವು ಬಲು ಸ್ವಲ್ಪ ಪ್ರಮಾಣದಲ್ಲಿಯೇ ಕುದುರೆಯ ಹೃದಯವನ್ನು ಕೆಡಿಸಿ ಕೊಲ್ಲುತ್ತದೆ. ಕಣಗಿಲೆಯ ಎಲೆ, ಔಡಲದ ಬೀಜ, ಇವೂ ಮಾರಕ. ಮೇಯುವ ಜಾಗದ ಹತ್ತಿರ ಕಣಗಿಲೆಯನ್ನು ಬೆಳೆಸಕೂಡದು. ಕತ್ತರಿಸಿದ ಕೊಂಬೆಗಳನ್ನು ಗಾಯರಾಣದಲ್ಲಿ ಎಸೆಯಕೂಡದು. ಪ್ಲಾಸ್ಟಿಕ್ ಚೀಲ, ಹಗ್ಗದ ತುಂಡುಗಳು ಕರುಳನ್ನು ಕಟ್ಟುತ್ತವೆ.

9. ಮಣ್ಣು, ಹುಳು, ಹಲ್ಲು

ಮೇವು ಸರಿಯಿದ್ದೂ ಶೂಲೆ ನಿಲ್ಲದಿದ್ದರೆ ಈ ಮೂರನ್ನು ಪರೀಕ್ಷಿಸಬೇಕು.

ಮಣ್ಣು: ನೆಲದ ಮೇಲೆ ಬಿದ್ದಿರದ ಭಾಗದಿಂದ ಐದಾರು ಉಂಡೆ ಲದ್ದಿಯನ್ನು ಪಾರದರ್ಶಕವಾದ ಪಾತ್ರೆಯ ನೀರಿನಲ್ಲಿ ಕದಡಿ ಕಾಲು ಗಂಟೆ ಬಿಡಬೇಕು. ತಳದಲ್ಲಿ ಮರಳು ಮಣ್ಣು ನಿಂತರೆ ಹೊಟ್ಟೆಗೆ ಮಣ್ಣು ಹೋಗುತ್ತಿದೆಯೆಂದು ತಿಳಿಯತಕ್ಕದ್ದು. ಮೇವನ್ನು ನೆಲದ ಮೇಲೆ ಹಾಕದೆ ಗೋದಲಿಯಲ್ಲಾಗಲಿ ದಪ್ಪ ತಾಟಿನ ಮೇಲಾಗಲಿ ಹಾಕಬೇಕು. ಶೇಂಗಾ ಹೊಟ್ಟನ್ನು ಚೆನ್ನಾಗಿ ಜಾಡಿಸಿ ಕೊಡಬೇಕು. ಹೊಟ್ಟೆ ತುಂಬ ನಾರು ಇರುವ ಕುದುರೆ ಮಣ್ಣಿಗೆ ಬಾಯಿ ಹಾಕುವುದು ಕಡಮೆ.

ಹುಳು: ಒಂದೇ ಜಾಗದಲ್ಲಿ ಬಹಳ ಕುದುರೆಗಳು ಮೇದರೆ ಲದ್ದಿಯಿಂದ ಹುಲ್ಲಿಗೂ ಹುಲ್ಲಿನಿಂದ ಹೊಟ್ಟೆಗೂ ಹುಳುಗಳು ಹರಡುತ್ತವೆ. ವಾರಕ್ಕೆ ಎರಡು ಸಲ ಲದ್ದಿಯನ್ನು ಎತ್ತಿ ತಿಪ್ಪೆಗೆ ಹಾಕಬೇಕು. ಲದ್ದಿಯನ್ನು ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ, ಅವರು ಹೇಳಿದ ಔಷಧವನ್ನು ತೂಕಕ್ಕೆ ತಕ್ಕಂತೆ ಕೊಡಬೇಕು. ಕಂಡಾಗಲೆಲ್ಲ ಔಷಧ ಕುಡಿಸುತ್ತ ಹೋದರೆ ಹುಳುಗಳು ಅದಕ್ಕೆ ಬಗ್ಗದಂತಾಗುತ್ತವೆ.

ಹಲ್ಲು: ಕುದುರೆಯ ದವಡೆಹಲ್ಲುಗಳ ಅಂಚು ಚೂಪಾಗಿ ಬೆಳೆದರೆ ಅಗಿಯಲಾರದೆ ದಂಟನ್ನು ಹಾಗೆಯೇ ನುಂಗುತ್ತದೆ. ಬಾಯಿಂದ ಮೇವಿನ ಉಂಡೆಗಳು ಬೀಳುವುದೂ, ಲದ್ದಿಯಲ್ಲಿ ಉದ್ದ ನಾರೂ ಇಡೀ ಕಾಳೂ ಕಾಣುವುದೂ ಇದರ ಗುರುತು. ವರ್ಷಕ್ಕೊಮ್ಮೆ ಹಲ್ಲನ್ನು ತೋರಿಸಿ ಅರದಿಂದ ಸಮ ಮಾಡಿಸಬೇಕು.

10. ಶೂಲೆ ಬಂದಾಗ

ಮೇವು ಬಿಡುವುದು, ಮುಂಗಾಲಿನಿಂದ ನೆಲ ಕೆರೆಯುವುದು, ತಿರುಗಿ ತಿರುಗಿ ಹೊಟ್ಟೆಯನ್ನು ನೋಡುವುದು, ಮೇಲುತುಟಿ ಸುರುಳಿಸುವುದು, ಮಲಗಿ ಏಳುವುದು, ಹೊರಳಾಡುವುದು, ಬೆವರುವುದು, ಲದ್ದಿ ನಿಲ್ಲುವುದು, ಇವು ಶೂಲೆಯ ಲಕ್ಷಣಗಳು. ಆರೋಗ್ಯವಾದ ಕುದುರೆ ಸುಮ್ಮನೆ ನಿಂತಿರುವಾಗ ದವಡೆಯ ಕೆಳಗೆ ಬೆರಳಿಟ್ಟು ನೋಡಿದರೆ ನಾಡಿ ನಿಮಿಷಕ್ಕೆ 28ರಿಂದ 44 ಸಲ ಬಡಿಯುತ್ತದೆ. 60 ಮೀರಿದರೆ ಪ್ರಾಣಾಪಾಯವೆಂದು ತಿಳಿಯಬೇಕು. ಒಸಡು ಕೆಂಪುಗಪ್ಪಾಗಿ ಅಥವಾ ನೀಲಿಯಾಗಿ ಕಂಡರೂ ಹಾಗೆಯೇ.

ಕೂಡಲೆ ಎಲ್ಲ ಮೇವನ್ನೂ ತೆಗೆದು, ಪಶುವೈದ್ಯಕೀಯ ಆಸ್ಪತ್ರೆಗೆ ಹೇಳಿಕಳುಹಿಸಬೇಕು. ಸಂಚಾರಿ ಪಶುಚಿಕಿತ್ಸೆಗಾಗಿ 1962 ಎಂಬ ಸಂಖ್ಯೆಗೆ ದೂರವಾಣಿ ಮಾಡಬಹುದು. ಲಕ್ಷಣ ಕಂಡ ಹೊತ್ತು, ಕೊನೆಯ ಸಲ ಲದ್ದಿ ಹಾಕಿದ ಹೊತ್ತು, ನಾಡಿಯ ಸಂಖ್ಯೆ, ಎರಡು ವಾರಗಳಲ್ಲಿ ಬದಲಿಸಿದ ಮೇವು, ಇವನ್ನು ತಿಳಿಸಿದರೆ ವೈದ್ಯರಿಗೆ ಅನುಕೂಲ. ಅವರು ಬರುವವರೆಗೆ ಕುದುರೆಯನ್ನು ಕಲ್ಲಿಲ್ಲದ ಮೆತ್ತನೆಯ ಜಾಗದಲ್ಲಿ ಹತ್ತು ನಿಮಿಷದಂತೆ ಮೆಲ್ಲಗೆ ನಡೆಸಬಹುದು. ಸುಮ್ಮನೆ ಮಲಗಿದ್ದರೆ ಮಲಗಿರಲಿ. ಹೊಡೆದೆಬ್ಬಿಸಿ ದಣಿಸುವುದರಿಂದ ಕೇಡೇ ಹೆಚ್ಚು.

ಗೊಟ್ಟದಿಂದಲೋ ಸೀಸೆಯಿಂದಲೋ ಎಣ್ಣೆ, ಸೋಡಾ, ಸಾರಾಯಿಗಳನ್ನು ಗಂಟಲಿಗೆ ಹೊಯ್ಯುವ ರೂಢಿಯನ್ನು ಪೂರ್ತಿ ಬಿಡಬೇಕು. ನೋವಿನಲ್ಲಿರುವ ಕುದುರೆಯಲ್ಲಿ ಅದು ಶ್ವಾಸಕೋಶಕ್ಕೆ ಇಳಿದು, ಶೂಲೆಯಿಂದ ಪಾರಾದ ಕುದುರೆ ಶ್ವಾಸದ ಬೇನೆಯಿಂದ ಸಾಯುತ್ತದೆ. ವೈದ್ಯರು ಎಣ್ಣೆ ಕೊಡುವುದು ಮೂಗಿನ ಮೂಲಕ ಜಠರಕ್ಕೆ ನಳಿಕೆ ಇಳಿಸಿ. ಹೊಟ್ಟೆಗೆ ಬರೆ ಹಾಕುವುದರಿಂದ ಚರ್ಮ ಸುಡುವುದೇ ಹೊರತು ಕರುಳಿನ ತೊಂದರೆ ತೀರದು. ಮನುಷ್ಯರ ನೋವಿನ ಗುಳಿಗೆಗಳನ್ನೂ ಕೊಡಕೂಡದು.

11. ಗ್ರಾಮದ ಮುಖಂಡರು ಮಾಡಬಹುದಾದ ಕೆಲಸಗಳು

ಸ್ವಂತ ಭೂಮಿಯಿಲ್ಲದವನ ಕುದುರೆಯು ಊರಿನ ಗಾಯರಾಣವನ್ನೇ ನಂಬಿರುತ್ತದೆ. ಆದ್ದರಿಂದ ಕೆಲವು ಕೆಲಸಗಳನ್ನು ಒಬ್ಬೊಬ್ಬರು ಮಾಡಲಾಗದು, ಗ್ರಾಮವೇ ಮಾಡಬೇಕು. ಗಾಯರಾಣವನ್ನು ಎರಡು ಮೂರು ಭಾಗ ಮಾಡಿ ಸರದಿಯ ಮೇಲೆ ಮೇಯಿಸಿದರೆ ಹುಲ್ಲು ಬೆಳೆಯಲು ಅವಕಾಶವಾಗುತ್ತದೆ. ಬಳ್ಳಾರಿ ಜಾಲಿಯನ್ನು ಕಾಯಿ ಬಿಡುವ ಮೊದಲೂ, ಕಾಂಗ್ರೆಸ್ ಹುಲ್ಲನ್ನು ಹೂ ಬಿಡುವ ಮೊದಲೂ ಕೀಳಿಸಬೇಕು. ಪ್ಲಾಸ್ಟಿಕ್ ಕಸವನ್ನು ಅಲ್ಲಿ ಸುರಿಯದಂತೆ ಕಟ್ಟು ಮಾಡಬೇಕು. ಸಿಹಿನೀರಿನ ತೊಟ್ಟಿಯನ್ನು ಕಟ್ಟಿಸಿ ವಾರಕ್ಕೊಮ್ಮೆ ತೊಳೆಯಿಸಬೇಕು. ಸುಗ್ಗಿಯಲ್ಲಿ ಕಣಿಕೆಯನ್ನು ಊರಿನಿಂದ ಪೂರ್ತಿ ಮಾರಿಬಿಡದೆ ಬೇಸಗೆಗೆ ಒಂದು ಬಣವೆ ಉಳಿಸಿದರೆ, ಬಡವನ ತಟ್ಟು ಮಣ್ಣು ನೆಕ್ಕುವುದು ತಪ್ಪುತ್ತದೆ.

ಮುಖ್ಯಾಂಶಗಳು: ಕಣಿಕೆ ಮೊದಲು, ಕಾಳು ಕೊನೆಗೆ. ಕಾಳು ಹೊತ್ತಿಗೆ 400 ಗ್ರಾಮಿಗೆ ಮೀರದಿರಲಿ. ನೀರು ಸದಾ ಇರಲಿ, ಉಪ್ಪು ದಿನವೂ ಇರಲಿ. ಬೂಸಾ ಕಡಮೆ, ಶೇಂಗಾ ಹೊಟ್ಟು ತಕ್ಕಷ್ಟು. ಹೊಸ ಮೇವಿಗೆ ಎರಡು ವಾರ. ಶೂಲೆ ಕಂಡೊಡನೆ ಗೊಟ್ಟವನ್ನು ಬದಿಗಿಟ್ಟು ವೈದ್ಯರನ್ನು ಕರೆಯಿಸುವುದು. ಇವಿಷ್ಟನ್ನು ತಪ್ಪದೆ ನಡೆಸಿದರೆ ಶೂಲೆ ಪೂರ್ತಿ ಇಲ್ಲವಾಗುವುದೆಂದು ಹೇಳಲಾಗದಾದರೂ, ವರ್ಷಕ್ಕೆ ಹಲವು ಸಲ ಬರುತ್ತಿದ್ದದ್ದು ಅಪರೂಪವಾಗುವುದರಲ್ಲಿ ಸಂದೇಹವಿಲ್ಲ.